ಒದ್ದೆ ಪ್ಲಗ್ ಹೇಳುವುದೇನು? – ಕಾರಣ ನಿರ್ಣಯದ ಒಂದು ಭಾಷಾಪಾಠ

ಹಂತ: ಪ್ರೌಢಶಾಲೆ. ಅವಧಿ: ಎರಡು.

ಉದ್ದೇಶ

ಕಂಡ ಲಕ್ಷಣದಿಂದ ಕಾಣದ ಕಾರಣವನ್ನು ಹಂತಹಂತವಾಗಿ ತರ್ಕಿಸುವುದು. ಪ್ರತಿ ಹಂತದ ಖಚಿತತೆಯನ್ನು ‘-ಬಹುದು’, ‘-ಲಾರದು’, ‘-ಲೇಬೇಕು’ ಎಂಬ ಕ್ರಿಯಾರೂಪಗಳಿಂದ ಸರಿಯಾಗಿ ಸೂಚಿಸುವುದು. ಗಡಿನಾಡಿನ ನಮ್ಮ ಮಕ್ಕಳು ಯಂತ್ರದ ಮಾತನ್ನು ಬಹುಮಟ್ಟಿಗೆ ಗ್ಯಾರೇಜಿನಲ್ಲಿ, ನೆರೆಭಾಷೆಯಲ್ಲಿ ಕೇಳುತ್ತಾರೆ. ಕನ್ನಡವು ಪದ್ಯ-ಗದ್ಯಗಳಿಗೆ ಮಾತ್ರ ಎಂಬ ಭಾವನೆ ಅವರಲ್ಲಿ ಬೇರೂರದಂತೆ ತಡೆಯಲು ಉಪದೇಶಕ್ಕಿಂತ ಇಂತಹ ಪಾಠವೇ ಮೇಲು.

ಪೂರ್ವಜ್ಞಾನ

ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಅತಿಯಾದರೆ ಪ್ಲಗ್ ನೆನೆದು, ಕಿಡಿ ಕುಂದಿ, ಎಂಜಿನ್ ಚಾಲೂ ಆಗದು. ಇದನ್ನೇ ಮೆಕ್ಯಾನಿಕ್ಕರು ‘ಓವರ್‌ಫ್ಲೋ’ ಎನ್ನುವರು. ಇಂಜೆಕ್ಟರ್ ಎಂಬುದು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸಣ್ಣ ಕವಾಟ. ಅದು ಪೂರ್ತಿ ಮುಚ್ಚಿಕೊಳ್ಳದಿದ್ದರೆ ಎಂಜಿನ್ ನಿಂತ ಮೇಲೂ ಪೆಟ್ರೋಲ್ ತೊಟ್ಟಿಕ್ಕುತ್ತದೆ.

ಸಂದರ್ಭ

ನಾಲ್ಕು ಸಿಲಿಂಡರಿನ ಒಂದು ಬಾಡಿಗೆ ಕಾರು. ಬೆಳಿಗ್ಗೆ ಸುಲಭವಾಗಿ ಚಾಲೂ ಆಗುತ್ತದೆ. ಬಿಸಿಯಾಗಿ ಓಡಿದ ಮೇಲೆ ಅರ್ಧ ಗಂಟೆ ನಿಲ್ಲಿಸಿದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಚಾಲೂ ಆದಾಗ ಪೆಟ್ರೋಲ್ ವಾಸನೆ, ಕಪ್ಪು ಹೊಗೆ. ‘ಇಂಜೆಕ್ಟರ್ ಬದಲಿಸಿ’ ಎಂದು ಯಾರೋ ಹೇಳುತ್ತಾರೆ. ಚಾಲಕನಿಗೆ ಅದು ಹಲವು ದಿನಗಳ ದುಡಿಮೆ. ಊಹೆ ತಪ್ಪಾದರೆ ಹಣವೂ ಹೋಯಿತು, ದೋಷವೂ ಉಳಿಯಿತು.

ತರ್ಕದ ಹಂತಗಳು

1. ಹೊಗೆ ಮತ್ತು ವಾಸನೆಯಿಂದ ಪೆಟ್ರೋಲ್ ಹೆಚ್ಚಾಗಿದೆ ಎನ್ನಬಹುದು. ಏಕೆ ಎಂದು ಹೇಳಲಾಗದು.

2. ನಾಲ್ಕೂ ಪ್ಲಗ್‌ಗಳನ್ನು ಬಿಚ್ಚಿದಾಗ ಮೂರನೆಯದು ಮಾತ್ರ ಒದ್ದೆ. ಎಂಜಿನ್ನಿನ ತಾಪವನ್ನು ತಿಳಿಸುವ ಸೆನ್ಸರ್ ಕೆಟ್ಟಿದ್ದರೆ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಹೆಚ್ಚುತ್ತಿತ್ತು. ಆದ್ದರಿಂದ ಅದು ಕಾರಣವಾಗಿರಲಾರದು.

3. ಕಿಡಿ ಇಲ್ಲದಿದ್ದರೂ ಪ್ಲಗ್ ಒದ್ದೆಯಾಗುತ್ತದೆ. ಮೂರನೆಯ ಸಿಲಿಂಡರಿನ ಪ್ಲಗ್ ಮತ್ತು ಕಾಯಿಲನ್ನು ಎರಡನೆಯದರೊಂದಿಗೆ ಅದಲುಬದಲು ಮಾಡಬೇಕು. ಒದ್ದೆ ಎರಡನೆಯದಕ್ಕೆ ಸರಿದರೆ ದೋಷ ಕಿಡಿಯದು. ಮೂರನೆಯದರಲ್ಲೇ ಉಳಿದು, ಆ ಸಿಲಿಂಡರಿನ ಸಂಪೀಡನವೂ ಸರಿಯಿದ್ದರೆ, ಇಂಜೆಕ್ಟರ್ ಸೋರುತ್ತಿರಬಹುದು.

4. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ ಒತ್ತಡಮಾಪಕ ಜೋಡಿಸಬೇಕು. ಬಹಳಷ್ಟು ಕಾರುಗಳಲ್ಲಿ ಒತ್ತಡ ಸುಮಾರು 3 ಬಾರ್. ಎಂಜಿನ್ ನಿಲ್ಲಿಸಿದೊಡನೆ ಅದು ಬೇಗ ಇಳಿದರೆ ಸೋರಿಕೆ ಇದೆ. ಆದರೆ ಪಂಪಿನ ಕವಾಟದಿಂದಲೂ ಒತ್ತಡ ಹಿಂದಕ್ಕೆ ಇಳಿಯಬಹುದು. ಪಂಪಿನಿಂದ ಬರುವ ದಾರಿಯನ್ನು ಮುಚ್ಚಿದ ಮೇಲೂ ಒತ್ತಡ ಇಳಿದರೆ ಪಂಪಿನ ಕವಾಟವೊಂದೇ ಕಾರಣವಾಗಿರಲಾರದು.

5. ಇಂಜೆಕ್ಟರುಗಳನ್ನು ಕೊಳವೆಯೊಂದಿಗೆ ಹೊರತೆಗೆದು, ಒತ್ತಡ ಕೊಟ್ಟಾಗ ಮೂರನೆಯದರ ತುದಿಯಲ್ಲಿ ಹನಿ ಕಂಡರೆ ಅದನ್ನು ಬದಲಿಸಲೇಬೇಕು. ‘-ಲೇಬೇಕು’ ಬಳಸುವ ಅಧಿಕಾರ ಇಲ್ಲಿ ಮಾತ್ರ ದೊರೆಯುತ್ತದೆ.

ಗಮನಿಸಿ: ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಅನೇಕ ಕಾರುಗಳಲ್ಲಿ ಇಂಜೆಕ್ಷನ್ ನಿಂತು, ಗಾಳಿ ನುಗ್ಗಿ, ಸಿಲಿಂಡರ್ ಒಣಗುತ್ತದೆ. ಇದು ಪರಿಣಾಮಕ್ಕೆ ಪರಿಹಾರ, ಕಾರಣಕ್ಕಲ್ಲ. ಸೋರಿಕೆ ಮುಂದುವರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ.

ತರಗತಿ ಚಟುವಟಿಕೆ

ಕಪ್ಪುಹಲಗೆಯಲ್ಲಿ ‘ಕಂಡದ್ದು’, ‘ಊಹೆ’, ‘ಮುಂದಿನ ಪರೀಕ್ಷೆ’ ಎಂಬ ಮೂರು ಅಂಕಣಗಳನ್ನು ಎಳೆಯಿರಿ. ಹಂತಗಳನ್ನು ಒಮ್ಮೆಲೇ ಹೇಳದೆ, ಒಂದೊಂದು ಸುಳಿವನ್ನೇ ಕೊಟ್ಟು ಮಕ್ಕಳಿಂದ ವಾಕ್ಯ ಬರೆಸಿರಿ. ಮಗು ಮನೆಯ ಅಥವಾ ಗ್ಯಾರೇಜಿನ ಮಾತಿನಲ್ಲಿ ಆರಂಭಿಸಿದರೆ ತಡೆಯಬೇಡಿ. ಆ ಪದವನ್ನೂ ಬರೆದು, ಪಕ್ಕದಲ್ಲಿ ಕನ್ನಡ ವಾಕ್ಯವನ್ನು ಕಟ್ಟಿಸಿರಿ. ‘ಪ್ಲಗ್’, ‘ಕಾಯಿಲ್’ ಮುಂತಾದವು ಹಾಗೆಯೇ ಇರಲಿ.

ಎಚ್ಚರಿಕೆ: ಹಳೆಯ ಒಣ ಪ್ಲಗ್ ತೋರಿಸಿದರೆ ಸಾಕು. ಪೆಟ್ರೋಲನ್ನು ತರಗತಿಗೆ ತರಬಾರದು. 4 ಮತ್ತು 5ನೆಯ ಪರೀಕ್ಷೆಗಳಲ್ಲಿ ಬೆಂಕಿಯ ಅಪಾಯವಿದೆ. ಅವು ನುರಿತ ಮೆಕ್ಯಾನಿಕ್ಕರ ಕೆಲಸವೆಂದು ಸ್ಪಷ್ಟಪಡಿಸಿರಿ.

ಮೌಲ್ಯಮಾಪನ

ನಾಲ್ಕೂ ಪ್ಲಗ್ ಒದ್ದೆಯಾಗಿದ್ದರೆ ಎರಡನೆಯ ಹಂತದ ವಾಕ್ಯ ಹೇಗೆ ಬದಲಾಗುತ್ತದೆ? ‘ಸೆನ್ಸರ್ ಕಾರಣವಾಗಿರಬಹುದು’ ಎಂದು ಬರೆದ ಮಗು ಪಾಠವನ್ನು ಗ್ರಹಿಸಿದೆ. ‘ಸೆನ್ಸರೇ ಕಾರಣ’ ಎಂದು ಬರೆದ ಮಗುವಿನ ವ್ಯಾಕರಣ ಸರಿ, ತರ್ಕ ಅವಸರದ್ದು. ‘ಅದನ್ನು ಖಚಿತಪಡಿಸಲು ಏನು ಪರೀಕ್ಷಿಸುವೆ?’ ಎಂದು ಅದನ್ನು ಮತ್ತೊಮ್ಮೆ ಕೇಳಿರಿ.