ನಿಷ್ಠೆಯ ಆಚೆಗೆ: ಸಂಗೊಳ್ಳಿ ಮತ್ತು ಹಲಗಲಿಯ ಹೋರಾಟಗಳಲ್ಲಿ ತಳಸಮುದಾಯಗಳು

ಕರ್ನಾಟಕದ ವಸಾಹತುವಿರೋಧಿ ಹೋರಾಟಗಳ ಚರಿತ್ರೆ ಬಹುಮಟ್ಟಿಗೆ ಅರಸುಮನೆತನಗಳ ಸುತ್ತ ಹೆಣೆದುಕೊಂಡಿದೆ. ರಾಜ್ಯ ಕಳೆದುಕೊಂಡವರು ಅದರ ನಾಯಕರಾದರೆ, ಅವರೊಡನೆ ಹೋರಾಡಿದ ಕುರುಬ, ಬೇಡ, ಸಿದ್ದಿ ಮೊದಲಾದ ಸಮುದಾಯದವರು ‘ನಂಬಿಗಸ್ಥ ಬಂಟ’ರಾಗಿ ಕಾಣಿಸಿಕೊಳ್ಳುತ್ತಾರೆ. ಈ ಸಮುದಾಯಗಳ ಹೆಸರು ಚರಿತ್ರೆಯಲ್ಲಿ ಇಲ್ಲವೆಂದಲ್ಲ. ಹೆಸರಿದೆ, ಆದರೆ ಅವರು ಹೋರಾಡಿದ್ದಕ್ಕೆ ಅವರದೇ ಆದ ಕಾರಣಗಳಿದ್ದವು ಎಂಬುದು ‘ನಿಷ್ಠೆ’ ಎಂಬ ಪದದ ಹಿಂದೆ ಮರೆಯಾಗಿದೆ. ಸಂಗೊಳ್ಳಿ ರಾಯಣ್ಣನ ದಂಗೆ ಮತ್ತು ಹಲಗಲಿ ಬೇಡರ ಪ್ರತಿರೋಧಗಳನ್ನು ಒಟ್ಟಿಗಿಟ್ಟು ಆ ಕಾರಣಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನನ್ನು ಗುಂಡಿಟ್ಟು ಕೊಂದವನು ಅಮಟೂರ ಬಾಳಪ್ಪನೆಂಬುದು ಪ್ರಸಿದ್ಧ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಿತ್ತೂರು ಕಂಪನಿಯ ವಶವಾಯಿತು; ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಆಕೆಯ ಮರಣದ ನಂತರ ಹೋರಾಟವನ್ನು ಮುಂದುವರಿಸಿದ ರಾಯಣ್ಣ ಕುರುಬ ಸಮುದಾಯದವನು, ವೃತ್ತಿಯಿಂದ ಶೇತಸನದಿ. ಊರಿನ ಕಾವಲು ಹಾಗೂ ಸೈನಿಕ ಸೇವೆಗೆ ಪ್ರತಿಯಾಗಿ ಸನದಿನ ಮೂಲಕ ಹೊಲ ಪಡೆದವನು ಶೇತಸನದಿ. ಅವನ ಪಾಲಿಗೆ ಆಯುಧ, ಹೊಲ ಮತ್ತು ಊರಿನಲ್ಲಿಯ ಮಾನ ಒಂದನ್ನೊಂದು ಬಿಟ್ಟು ಇರುವಂಥವಲ್ಲ. ಸಂಸ್ಥಾನ ಅಳಿದ ಮೇಲೆ ಕಂಪನಿಯ ಕಂದಾಯ ವ್ಯವಸ್ಥೆ ಈ ಸೇವಾಭೂಮಿಗಳ ಮೇಲೆ ಕೈಯಿಟ್ಟಿತು. ರಾಯಣ್ಣನ ಹೊಲವೂ ಇದಕ್ಕೆ ಹೊರತಾಗಲಿಲ್ಲ.

ಈ ಹಿನ್ನೆಲೆಯಲ್ಲಿ 1830ರ ದಂಗೆಯ ಸ್ವರೂಪವನ್ನು ಗಮನಿಸಬೇಕು. ಆ ವರ್ಷದ ಜನವರಿಯಲ್ಲಿ ರಾಯಣ್ಣನ ಪಡೆ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿಯಿಟ್ಟಿತು. ಮುಂದೆಯೂ ಕಚೇರಿಗಳು, ಖಜಾನೆಗಳು ಮತ್ತು ಭೂದಾಖಲೆಗಳೇ ಅದರ ಗುರಿಯಾದವು. ರೈತನ ಹೊಲ ಯಾರದೆಂದು ನಿರ್ಧರಿಸುತ್ತಿದ್ದ ಕಾಗದವನ್ನೇ ಸುಡುವುದು ಕೇವಲ ಸ್ವಾಮಿಭಕ್ತಿಯ ಕಾರ್ಯವಲ್ಲ. ಚೆನ್ನಮ್ಮನ ದತ್ತುಪುತ್ರ ಶಿವಲಿಂಗಪ್ಪನಿಗೆ ಗಾದಿ ದೊರೆಯಬೇಕೆಂಬುದು ರಾಯಣ್ಣನ ಘೋಷಿತ ಉದ್ದೇಶವಾಗಿತ್ತು, ನಿಜ. ಆದರೆ ಭೂಮಿ ಕಳೆದುಕೊಂಡವರು, ಸಿದ್ದಿ ಸಮುದಾಯದ ಗಜವೀರನಂಥ ಕಾಡಿನಂಚಿನ ಜನರು ಅವನೊಂದಿಗೆ ನಿಂತುದನ್ನು ಗಾದಿಯ ಪ್ರಶ್ನೆಯೊಂದರಿಂದಲೇ ವಿವರಿಸಲಾಗದು. ನಿಷ್ಠೆ ಮತ್ತು ಬದುಕಿನ ಹಕ್ಕು ಇಲ್ಲಿ ಒಂದೇ ಹಗ್ಗದ ಎರಡು ಎಳೆಗಳು. ಚರಿತ್ರೆ ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಟ್ಟಿದೆ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಈ ಮಾತಿಗೆ ಹಲಗಲಿ ಇನ್ನೂ ಸ್ಪಷ್ಟವಾದ ನಿದರ್ಶನ. ಏಕೆಂದರೆ ಅಲ್ಲಿ ಯಾವ ರಾಣಿಯೂ ಇಲ್ಲ, ಗಾದಿಯೂ ಇಲ್ಲ. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಬೇಡರು 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿ ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆಯಿಂದ ಬದುಕುವವನಿಗೆ ಆಯುಧವೆಂದರೆ ಅನ್ನ. ಅದನ್ನು ಕಿತ್ತುಕೊಳ್ಳುವ ಆಜ್ಞೆ ಅವನ ಕುಲದ ಅಸ್ತಿತ್ವವನ್ನೇ ಅಳಿಸುವ ಆಜ್ಞೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಆಳುವವರ ದೃಷ್ಟಿಯಲ್ಲಿ ಇವರು ದಂಗೆಕೋರರು. ಲಾವಣಿಕಾರನಿಗಾದರೋ ಇವರು ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಳ್ಳ ಮನುಷ್ಯರು. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಹಲಗಲಿಯ ಲಾವಣಿಯ ಮಹತ್ವ ಇಷ್ಟಕ್ಕೇ ನಿಲ್ಲುವುದಿಲ್ಲ. ಸೈನಿಕರು ದೋಚಿದ ವಸ್ತುಗಳನ್ನು ಅದು ಒಂದೊಂದಾಗಿ ಎಣಿಸುತ್ತದೆ: ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಗಂಗಾಳ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು. ಇದನ್ನು ಅಲಂಕಾರದ ಪಟ್ಟಿಯೆಂದು ಓದಿ ಮುಂದೆ ಸಾಗುವುದು ಸುಲಭ. ಆದರೆ ಇವುಗಳಲ್ಲಿ ಹೆಚ್ಚಿನವು ಹೆಣ್ಣಿನ ಕೈಯ ವಸ್ತುಗಳು. ಕಾದಿದ ಗಂಡಸರ ಹೆಸರು ಹೇಳುವ ಲಾವಣಿ ಹೆಂಗಸರ ಹೆಸರನ್ನು ಹೇಳುವುದಿಲ್ಲ. ಆದರೂ ಯುದ್ಧ ಅವರ ಒಲೆಯ ಬುಡದವರೆಗೆ ಬಂದಿತ್ತೆಂಬುದನ್ನು ಈ ಪಟ್ಟಿ ಸಾರುತ್ತದೆ. ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನದ ರೊಟ್ಟಿಯಿಲ್ಲ.

ಲಾವಣಿಯನ್ನೇ ಚರಿತ್ರೆಯೆಂದು ಒಪ್ಪಬೇಕೆಂಬುದು ಇಲ್ಲಿಯ ವಾದವಲ್ಲ. ಅದು ಹಾಡುಗಬ್ಬ, ಅದರಲ್ಲಿ ಉತ್ಪ್ರೇಕ್ಷೆಯಿದೆ, ಕೇಳುಗರನ್ನು ಹಿಡಿದಿಡುವ ಉಪಾಯಗಳಿವೆ. ದಿನಾಂಕ ಮತ್ತು ಸಂಖ್ಯೆಗಳಿಗೆ ದಾಖಲೆಗಳನ್ನೇ ಆಶ್ರಯಿಸಬೇಕು. ಆದರೆ ದಾಖಲೆಗಳು ಸತ್ತವರನ್ನು ಎಣಿಸುವಲ್ಲಿ ಲಾವಣಿ ಬದುಕಿ ಉಳಿದವರು ಕಳೆದುಕೊಂಡದ್ದನ್ನು ಎಣಿಸುತ್ತದೆ. ಎರಡನ್ನೂ ಎದುರುಬದುರಾಗಿಟ್ಟು ಓದಿದಾಗಲೇ ಹೋರಾಟದ ಪೂರ್ಣ ಚಿತ್ರ ದೊರೆಯುತ್ತದೆ.

ಒಟ್ಟಾರೆ, ತಳಸಮುದಾಯಗಳನ್ನು ಸ್ವಾತಂತ್ರ್ಯ ಹೋರಾಟದ ಚರಿತ್ರೆಗೆ ‘ಸೇರಿಸುವ’ ಕೆಲಸ ಪಟ್ಟಿಗೆ ಇನ್ನಷ್ಟು ಹೆಸರು ಬರೆಯುವುದರಿಂದ ಮುಗಿಯದು. ಅವರು ಯಾರಿಗಾಗಿ ಹೋರಾಡಿದರು ಎಂಬ ಪ್ರಶ್ನೆಯ ಜೊತೆಗೆ ಯಾವುದಕ್ಕಾಗಿ ಹೋರಾಡಿದರು ಎಂಬ ಪ್ರಶ್ನೆಯನ್ನೂ ಕೇಳಬೇಕು. ಸಂಗೊಳ್ಳಿಯಲ್ಲಿ ಅದಕ್ಕೆ ಹೊಲವೆಂಬ ಉತ್ತರವಿದೆ, ಹಲಗಲಿಯಲ್ಲಿ ಆಯುಧವೆಂಬ ಉತ್ತರವಿದೆ. ಬೀಸುವ ಕಲ್ಲನ್ನು ಕಳೆದುಕೊಂಡವರ ಉತ್ತರವನ್ನು ನಾವು ಇನ್ನೂ ಕೇಳಿಸಿಕೊಳ್ಳಬೇಕಾಗಿದೆ.