ಹಸಿರುಗಟ್ಟಿದ ಕೆರೆಗೆ ಮೈಲುತುತ್ತವೇ?

ಬೇಸಿಗೆಯಲ್ಲಿ ಕೆರೆಯ ನೀರು ಹಸಿರು ಕೆನೆಗಟ್ಟಿದಾಗ ಮೈಲುತುತ್ತ ಹಾಕಿದರಾಯಿತೆಂಬ ಸಲಹೆಯನ್ನು ನಾವು ಆಗಾಗ ಕೇಳುತ್ತೇವೆ. ಆಯುರ್ವೇದದಲ್ಲಿ ಇದು ತುತ್ಥ. ಶೋಧಿಸದೆ ನಾವು ಬಳಸಲೊಲ್ಲದ ದ್ರವ್ಯ.

ಇದರಲ್ಲಿರುವ ತಾಮ್ರವು ನೀಲಿಹಸಿರು ಪಾಚಿಗೆ, ಅಂದರೆ ಸಯನೋಬ್ಯಾಕ್ಟೀರಿಯಾಗಳಿಗೆ, ಅಲ್ಪ ಪ್ರಮಾಣದಲ್ಲಿಯೇ ವಿಷವೆಂಬುದು ನಿಜ. ಆದರೆ ಹೊಲದ ಗೊಬ್ಬರ, ಊರಿನ ಕೊಳಚೆ ಹರಿದು ಸೇರುವ ನೀರಿನಲ್ಲಿ ರಂಜಕವು ಹೇರಳವಾಗಿರುತ್ತದೆ. ಮಿಕ್ಕ ರಂಜಕವನ್ನು ಈ ಜೀವಿಗಳು ಪಾಲಿಫಾಸ್ಫೇಟ್ ಕಣಗಳಾಗಿ ಒಡಲಲ್ಲಿ ಕೂಡಿಡುತ್ತವೆ. ಆ ಕಣಗಳು ಲೋಹವನ್ನು ಹಿಡಿದಿಟ್ಟು ಅದರ ಉಗ್ರತೆಯನ್ನು ತಗ್ಗಿಸಬಲ್ಲವು. ಉಂಡು ಕೊಬ್ಬಿದ ಪಾಚಿಯು ಹಸಿದಿರುವ ಪಾಚಿಯಷ್ಟು ಬೇಗ ಸಾಯದು. ಆಗ ತುತ್ತವನ್ನು ಇಮ್ಮಡಿ ಸುರಿಯುವ ಮನಸ್ಸಾಗುತ್ತದೆ.

ಪಾಚಿ ಸತ್ತರೂ ಅಪಾಯ ತೀರದು. ಕೆಲವು ಜಾತಿಗಳ ಒಡೆದ ಕೋಶಗಳಿಂದ ಯಕೃತ್ತನ್ನು ಕೆಡಿಸುವ ವಿಷವು ನೀರಿಗೆ ಸೇರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದ ಕುಡಿಯುವ ನೀರಿನ ಜಲಾಶಯಕ್ಕೆ ಮೈಲುತುತ್ತ ಹಾಕಿದ ಕೆಲವೇ ದಿನಗಳಲ್ಲಿ ವಾಂತಿ, ಯಕೃತ್ತಿನ ಊತಗಳಿಂದ 148 ಜನರು ನರಳಿದರು, ಬಹುಪಾಲು ಮಕ್ಕಳೇ. ಕುದಿಸಿದರೆ ಸಾಕೆಂಬ ನಮ್ಮ ಹಳೆಯ ಉಪದೇಶ ಇಲ್ಲಿ ಸಲ್ಲದು, ಈ ವಿಷವು ಕುದಿತಕ್ಕೆ ನಾಶವಾಗುವುದಿಲ್ಲ. ಅಂಥ ನೀರನ್ನು ದನಕರುಗಳಿಗೂ ಕುಡಿಸಬಾರದು. ಸದ್ಭಕ್ತರು ತುತ್ತ ತರುವ ಮುನ್ನ ಕೆರೆಗೆ ಕೂಡುವ ಕೊಳಚೆಯ ಕಾಲುವೆಯನ್ನು ಬೇರೆಡೆಗೆ ತಿರುಗಿಸಲಿ.