ನದಿ ದಂಡೆಯ ಸಾಲುಕಲ್ಲುಗಳು

*ಇಂದಿನ ಧಮ್ಮ ಚಿಂತನೆ*
*ವಿಷಯ: ಚಂಕಮಣ ಮತ್ತು ಮರಣಸತಿ*



ಕಳೆದ ಭಾನುವಾರ ವಂದನೆ ಮುಗಿದ ಮೇಲೆ ನಮ್ಮ ಬಳಗದ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ನನಗೆ ಮಂಡಿ ನೋವು, ಕೂತು ಧ್ಯಾನ ಮಾಡೋಕಾಗಲ್ಲ. ನಡೀತಾ ಮಾಡಬಹುದಾ?"

ಖಂಡಿತ ಮಾಡಬಹುದು. ಅದಕ್ಕೆ ಚಂಕಮಣ ಎಂದೇ ಹೆಸರು. ನಡಿಗೆಯ ಐದು ಪ್ರಯೋಜನಗಳನ್ನು ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ. ದೂರದ ಪ್ರಯಾಣಕ್ಕೆ ಕಾಲು ಪಳಗುತ್ತದೆ. ಶ್ರಮಕ್ಕೆ ಮೈ ಒಗ್ಗುತ್ತದೆ. ಕಾಯಿಲೆ ಕಡಿಮೆಯಾಗುತ್ತದೆ. ಉಂಡದ್ದು ಅರಗುತ್ತದೆ. ನಡೆಯುತ್ತಾ ಪಡೆದ ಏಕಾಗ್ರತೆ ಬಹುಕಾಲ ಉಳಿಯುತ್ತದೆ. ಸತಿಪಟ್ಠಾನ ಸುತ್ತದಲ್ಲಿ ಇನ್ನೊಂದು ಅಭ್ಯಾಸವೂ ಇದೆ: ಸ್ಮಶಾನದಲ್ಲಿ ಬಿದ್ದ ದೇಹವನ್ನು ನೋಡಿ, ನನ್ನ ದೇಹದ ಸ್ವಭಾವವೂ ಇದೇ ಎಂದು ಅರಿಯುವುದು. ಈ ಎರಡೂ ಒಂದೇ ದಾರಿಯಲ್ಲಿ ಕೂಡಿದರೆ ಹೇಗಿರುತ್ತದೆ? ಇಂದಿನ ಪಾಠ ಅದೇ.

*ದಾರಿ*

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಫ್ರಾನ್ಸ್‌ನಲ್ಲಿ ಓದುತ್ತಿದ್ದಾನೆ. ರಜೆಯಲ್ಲಿ ಉತ್ತರ ಫ್ರಾನ್ಸ್‌ನ ಸೊಮ್ ನದಿಯ ಕಣಿವೆಗೆ ಹೋಗಿ, ನಡೆಯುತ್ತಲೇ ನನಗೆ ಫೋಟೋ, ಧ್ವನಿ ಸಂದೇಶ ಕಳಿಸಿದ. ಆ ದಾರಿಯಲ್ಲಿ ನಾನು ನಡೆದಿಲ್ಲ. ಆದರೆ ಅವನು ಕಳಿಸಿದ್ದನ್ನು ನೋಡಿ, ಅಲ್ಲಿನ ಚರಿತ್ರೆ ಓದಿ, ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸೊಮ್ ಸುಮಾರು 245 ಕಿಲೋಮೀಟರ್ ಉದ್ದದ ನದಿ. ಇಳಿಜಾರು ತೀರಾ ಕಡಿಮೆ, ಹಾಗಾಗಿ ಅದಕ್ಕೆ ಅವಸರವಿಲ್ಲ. ಬಳುಕುತ್ತಾ, ಕವಲಾಗುತ್ತಾ, ಮತ್ತೆ ಕೂಡುತ್ತಾ ಸಾಗುತ್ತದೆ. ಅಕ್ಕಪಕ್ಕ ನೂರಾರು ಕೊಳಗಳಿವೆ. ಹಿಂದಿನ ಕಾಲದಲ್ಲಿ ಬಡವರು ಉರುವಲಿಗಾಗಿ ಜೌಗು ನೆಲದ ಇದ್ದಿಲಿನಂಥ ಮಣ್ಣನ್ನು ಕಡಿದು ಒಣಗಿಸಿ ಸುಡುತ್ತಿದ್ದರು. ಕಡಿದ ಗುಂಡಿಗಳಲ್ಲಿ ನೀರು ನಿಂತು ಎಷ್ಟೋ ಕೊಳಗಳಾದವು. ಅಂದರೆ ಇಂದು ಪ್ರವಾಸಿಗರು ಸೊಗಸು ಎಂದು ಫೋಟೋ ತೆಗೆಯುವ ನೀರಿನ ಕೆಳಗೆ ದುಡಿದವರ ಗುದ್ದಲಿಯ ಗುರುತಿದೆ.

ಸೊಮ್‌ಗೆ ಸೇರುವ ಒಂದು ಚಿಕ್ಕ ಉಪನದಿ ಆಂಕ್ರ್. ಆಲ್ಬೆರ್ ಎಂಬ ಪಟ್ಟಣದಿಂದ ಅದರ ಎದುರು ದಿಕ್ಕಿಗೆ ನಡೆದರೆ ಅವೆಲ್ಯುಯಿ, ಒತುಯಿ, ಹಮೆಲ್ ಎಂಬ ಹಳ್ಳಿಗಳು ಸಿಗುತ್ತವೆ. ಅರ್ಧ ದಿನದ ನಡಿಗೆ. ದೊಡ್ಡ ಏರಿಲ್ಲ, ಮಕ್ಕಳೂ ಮುದುಕರೂ ನಡೆಯಬಹುದು. ಕೊಳದ ದಂಡೆಯಲ್ಲಿ ಗಾಳ ಹಾಕಿ ಕೂತವರು, ನೀರಿನ ಮೇಲೆ ಬಾಗಿದ ಮರಗಳು, ಒಂಟಿ ಕಾಲಲ್ಲಿ ನಿಂತ ಬಕ ಪಕ್ಷಿ. "ಸಾರ್, ನಮ್ಮೂರ ಕೆರೆ ಏರಿ ಮೇಲೆ ನಡೆದ ಹಾಗಿದೆ" ಎಂದ ಹುಡುಗ.

ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಸಂದೇಶ ಬಂತು. ಧ್ವನಿ ತಗ್ಗಿತ್ತು. "ಸಾರ್, ಎಲ್ಲಿ ತಿರುಗಿದರೂ ಸಮಾಧಿಗಳು."

*ಕಲ್ಲುಗಳು*

1916ರ ಜುಲೈ 1ರಂದು ಇಲ್ಲಿ ಶುರುವಾದ ಯುದ್ಧ ನವೆಂಬರ್ 18ರವರೆಗೆ ನಡೆಯಿತು. ಮೊದಲ ದಿನವೇ ಬ್ರಿಟಿಷ್ ಸೈನ್ಯದ 19,240 ಜನ ಸತ್ತರು. ಒಂದೇ ದಿನ! ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಕಡೆ ಸತ್ತವರು, ಗಾಯಗೊಂಡವರು ಸೇರಿ ಹತ್ತು ಲಕ್ಷ ಮೀರಿದರು. ಭಾರತದವರೂ ಇದ್ದರು. ಜುಲೈ 14ರಂದು 20ನೇ ಡೆಕ್ಕನ್ ಹಾರ್ಸ್ ಪಡೆಯ ಸವಾರರು ಇಲ್ಲಿನ ಗೋಧಿ ಹೊಲಗಳಲ್ಲಿ ಕುದುರೆ ಏರಿ ನುಗ್ಗಿದ್ದರು. ನೂರು ವರ್ಷ ಕಳೆದರೂ ಅಲ್ಲಿನ ರೈತರ ನೇಗಿಲಿಗೆ ಸಿಡಿಯದ ಗುಂಡುಗಳು ಈಗಲೂ ಸಿಗುತ್ತವೆ. ದ್ವೇಷವನ್ನು ನೆಲದಲ್ಲಿ ಹೂತರೆ ಅದು ಕರಗುವುದಿಲ್ಲ.

ಆ ಸಮಾಧಿಗಳಲ್ಲಿ ಒಂದು ವಿಶೇಷವಿದೆ. ಕಲ್ಲುಗಳೆಲ್ಲ ಒಂದೇ ಅಳತೆ: ಎತ್ತರ ಸುಮಾರು 81 ಸೆಂಟಿಮೀಟರ್, ಅಗಲ ಸುಮಾರು 38. ಸೇನಾಧಿಕಾರಿಗೂ ಅದೇ ಕಲ್ಲು, ಅಡುಗೆಯವನಿಗೂ ಅದೇ. ಶ್ರೀಮಂತನ ಮಗನ ಪಕ್ಕದಲ್ಲೇ ಗಣಿ ಕೂಲಿಯ ಮಗ.

ಇದು ತಾನಾಗಿ ಆದದ್ದಲ್ಲ. 1917ರಲ್ಲಿ ಯುದ್ಧ ಸಮಾಧಿಗಳ ಆಯೋಗ ಹುಟ್ಟಿತು. 1918ರಲ್ಲಿ ಫ್ರೆಡರಿಕ್ ಕೆನ್ಯನ್ ಎಂಬ ವಿದ್ವಾಂಸರು ಒಂದು ವರದಿ ಕೊಟ್ಟರು: ಪದವಿ, ಹಣ, ಅಂತಸ್ತು ನೋಡದೆ ಎಲ್ಲರಿಗೂ ಒಂದೇ ಬಗೆಯ ಕಲ್ಲು ಇರಬೇಕು. ದೊಡ್ಡ ಮನೆತನದವರು ವಿರೋಧಿಸಿದರು. ನಮ್ಮ ಮಗನ ಶವ ನಮಗೆ ಕೊಡಿ, ನಮ್ಮ ಇಷ್ಟದ ಗುರುತು ನಾವೇ ಇಡುತ್ತೇವೆ ಎಂದರು. 1920ರ ಮೇ ತಿಂಗಳಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಇದರ ಮೇಲೆ ಚರ್ಚೆಯಾಯಿತು. ಕೊನೆಗೆ ಸಮಾನತೆಯ ನಿಯಮವೇ ಉಳಿಯಿತು.

ಬಂಧುಗಳೇ, ಇದನ್ನು ಗಮನಿಸಿ. ಸಾವು ಎಲ್ಲರನ್ನೂ ಸಮಾನ ಮಾಡುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದು ನಿಜವಲ್ಲ. ಸಮಾನ ಮಾಡಿದ್ದು ಸಾವಲ್ಲ, ಮನುಷ್ಯರು ತೆಗೆದುಕೊಂಡ ತೀರ್ಮಾನ.

ತೀರ್ಮಾನ ಎಲ್ಲಿ ಸಡಿಲವಾಯಿತೋ ಅಲ್ಲಿ ಸಮಾನತೆಯೂ ಬಿದ್ದುಹೋಯಿತು. ಅದೇ ಆಯೋಗ 2021ರಲ್ಲಿ ತನ್ನದೇ ತಪ್ಪಿನ ಬಗ್ಗೆ ವರದಿ ಹೊರತಂದು ಕ್ಷಮೆ ಕೇಳಿತು. ಮೊದಲ ಮಹಾಯುದ್ಧದಲ್ಲಿ ಮಡಿದ 45,000ದಿಂದ 54,000 ಜನರಿಗೆ, ಮುಖ್ಯವಾಗಿ ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯವರಿಗೆ, ಸಮಾನ ಸ್ಮರಣೆ ಸಿಗಲಿಲ್ಲ. ಇನ್ನೂ ಕನಿಷ್ಠ 1,16,000 ಜನರ ಹೆಸರೇ ಎಲ್ಲೂ ಬರೆದಿಲ್ಲ ಅಥವಾ ಸ್ಮರಣೆಯೇ ಆಗಿಲ್ಲ. ಈ ಸಂಖ್ಯೆ 3,50,000 ಇರಲೂಬಹುದು ಎಂದು ವರದಿ ಹೇಳುತ್ತದೆ. ಯುರೋಪಿನ ಕೊಳದ ದಂಡೆಯಲ್ಲಿ ಕಲ್ಲು, ಆಫ್ರಿಕಾದ ಕಾಡಿನಲ್ಲಿ ಸತ್ತ ಹೊರೆಯಾಳಿಗೆ ಏನೂ ಇಲ್ಲ.

ಇದೇ ಸೊಮ್ ನದಿ ಸಮುದ್ರ ಸೇರುವ ಜಾಗದ ಹತ್ತಿರ ನ್ವಾಯೆಲ್ ಎಂಬ ಊರಿದೆ. ಅಲ್ಲಿ ಎಂಟುನೂರಕ್ಕೂ ಹೆಚ್ಚು ಚೀನೀ ಕೂಲಿಗಳ ಸಮಾಧಿಗಳಿವೆ. ಕಂದಕ ತೋಡಲು, ಹೊರೆ ಹೊರಲು ಬಂದವರು. ಬದುಕಿದ್ದಾಗ ಅವರನ್ನು ಕರೆಯುತ್ತಿದ್ದುದು ಸಂಖ್ಯೆಯಿಂದ. ಕಲ್ಲಿನ ಮೇಲೆ ಚೀನೀ ಅಕ್ಷರದ ಜೊತೆ ಆ ಸಂಖ್ಯೆಯೂ ಇದೆ.

*ಹೆಸರು*

ಒತುಯಿಯ ಮೇಲಿನ ದಿಬ್ಬದಲ್ಲಿ ತಿಯೆಪ್ವಾಲ್ ಎಂಬ ದೊಡ್ಡ ಸ್ಮಾರಕವಿದೆ. ದೆಹಲಿಯ ಇಂಡಿಯಾ ಗೇಟ್ ಕಟ್ಟಿಸಿದ ಲುಟ್ಯೆನ್ಸ್ ಅವರದೇ ವಿನ್ಯಾಸ, 1932ರಲ್ಲಿ ಅನಾವರಣವಾಯಿತು. ಸಮಾಧಿಯೇ ಗುರುತಾಗದ 72,000ಕ್ಕೂ ಹೆಚ್ಚು ಜನರ ಹೆಸರುಗಳು ಅದರ ಕಂಬಗಳ ಮೇಲಿವೆ. ಕೆಳಗೆ ಹಮೆಲ್ ದಾಟಿದರೆ ಸಿಗುವ ಆಂಕ್ರ್ ಸ್ಮಶಾನದಲ್ಲಿ ಸುಮಾರು ಎರಡೂವರೆ ಸಾವಿರ ಜನರಿದ್ದಾರೆ, ಅರ್ಧಕ್ಕಿಂತ ಹೆಚ್ಚು ಜನ ಯಾರೆಂದು ತಿಳಿಯದು. ಅಂಥವರ ಕಲ್ಲಿನ ಮೇಲೆ, ಇವನು ಯಾರೆಂದು ದೇವರಿಗೆ ಗೊತ್ತು ಎಂಬ ಅರ್ಥದ ಮಾತು ಕೆತ್ತಿದ್ದಾರೆ.

ಅದು ಅವರ ನಂಬಿಕೆ, ಗೌರವಿಸೋಣ. ಆದರೆ ತ್ರಿಶರಣ ಸ್ವೀಕರಿಸಿದ ನಾವು ಆ ಕೆಲಸವನ್ನು ದೇವರಿಗೆ ಬಿಡುವ ಹಾಗಿಲ್ಲ. ಸತ್ತವರು ಯಾರು ಎಂದು ತಿಳಿದಿರಬೇಕಾದವರು ನಾವೇ.

1927ರ ಜನವರಿ 1ರಂದು ಬಾಬಾಸಾಹೇಬರು ಭೀಮಾ ನದಿಯ ದಂಡೆಯ ಕೋರೆಗಾಂವ್ ಸ್ತಂಭದ ಬಳಿ ಹೋಗಿ ನಿಂತದ್ದೂ ಇದಕ್ಕೇ. ಆ ಕಲ್ಲಿನ ಮೇಲೆ 22 ಮಹಾರ್ ಸೈನಿಕರ ಹೆಸರುಗಳಿವೆ. ಯುದ್ಧವನ್ನು ಹೊಗಳಲು ನಾವು ಅಲ್ಲಿಗೆ ಹೋಗುವುದಿಲ್ಲ. ನೆರಳೂ ಸೋಕಬಾರದು ಎಂದ ಊರಿನಲ್ಲಿ ನಮ್ಮವರ ಹೆಸರು ಕಲ್ಲಿನ ಮೇಲಿದೆ, ಅದನ್ನು ಓದಲು ಹೋಗುತ್ತೇವೆ.

*ರೋಹಿಣಿ*

ಈಗ ಬುದ್ಧರ ಬಳಿಗೆ ಬರೋಣ. ಮುದುಕ, ರೋಗಿ, ಶವವನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆ ನಮಗೆಲ್ಲ ಗೊತ್ತು. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಬಾಬಾಸಾಹೇಬರು ಅದನ್ನು ಒಪ್ಪುವುದಿಲ್ಲ. ಅವರು ತೋರಿಸುವ ಕಾರಣ ಒಂದು ನದಿ. ಶಾಕ್ಯರಿಗೂ ಕೋಲಿಯರಿಗೂ ರೋಹಿಣಿ ನದಿಯ ನೀರಿಗಾಗಿ ಜಗಳ. ಯುದ್ಧ ಸಾರಬೇಕೆಂದು ಶಾಕ್ಯ ಸಂಘದಲ್ಲಿ ಸೇನಾಪತಿ ನಿರ್ಣಯ ಮಂಡಿಸಿದ. ಇಪ್ಪತ್ತೆಂಟರ ಸಿದ್ಧಾರ್ಥ ಎದ್ದು ನಿಂತು ವಿರೋಧಿಸಿದ. ಅವರಿಂದ ಇಬ್ಬರು, ನಮ್ಮಿಂದ ಇಬ್ಬರು, ಆ ನಾಲ್ವರು ಸೇರಿ ಆರಿಸುವ ಐದನೆಯವರು, ಈ ಐವರು ಕೂತು ಬಗೆಹರಿಸಲಿ ಎಂದ. ಸಂಘ ಒಪ್ಪಲಿಲ್ಲ. ಯುದ್ಧಕ್ಕೆ ಹೋಗಲೊಪ್ಪದ ಸಿದ್ಧಾರ್ಥ ದೇಶ ಬಿಟ್ಟು ಹೊರಟ. ನಮ್ಮ ಧಮ್ಮದ ಮೊದಲ ನಡಿಗೆ ಅದು.

ಸೊಮ್ ಕಣಿವೆಯಲ್ಲಿ ಗುಂಡು ಸುರಿಯುತ್ತಿದ್ದ 1916ರಲ್ಲೇ ಬಾಬಾಸಾಹೇಬರು ಅಮೆರಿಕದಿಂದ ಲಂಡನ್ನಿಗೆ ಓದಲು ಬಂದಿಳಿದರು. ಮರುವರ್ಷ ಊರಿಗೆ ಮರಳುವಾಗ ಅವರ ಪುಸ್ತಕಗಳನ್ನು ಹೊತ್ತ ಹಡಗು ಶತ್ರುವಿನ ದಾಳಿಗೆ ಮುಳುಗಿತು. ಸುಬೇದಾರರ ಮಗ ಅವರು. ಯುದ್ಧ ಎಂದರೇನು ಎಂದು ತಿಳಿದೇ, ನಲವತ್ತು ವರ್ಷಗಳ ನಂತರ ಯುದ್ಧ ಬೇಡವೆಂದವನ ದಾರಿಯನ್ನು ಅವರು ನಮಗೆ ಕೊಟ್ಟರು.

*ನನ್ನ ಮಾತು*

ಇಷ್ಟು ಬರೆದ ಮೇಲೆ ಒಂದನ್ನು ಮುಚ್ಚಿಡುವುದು ಸರಿಯಲ್ಲ. ನಾನು ಹದಿನೇಳರವನಿದ್ದಾಗ ಅಪ್ಪ ತೀರಿಕೊಂಡರು. ಊರ ಸ್ಮಶಾನದಲ್ಲಿ ನಮಗೆ ಜಾಗವಿರಲಿಲ್ಲ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದೆವು, ಗುರುತಿಗೆ ಮೂರು ಕಲ್ಲು ಇಟ್ಟೆವು. ಮುಂದಿನ ಮಳೆಗಾಲ ಹಳ್ಳ ಉಕ್ಕಿ ದಂಡೆಯನ್ನೇ ಕೊಚ್ಚಿಕೊಂಡು ಹೋಯಿತು. ಅಮ್ಮ ಮೂರು ದಿನ ಅಲ್ಲಿ ಅಲೆದಳು. "ಇಲ್ಲೇ ಇತ್ತಲ್ಲೋ ಮಗಾ, ಈ ಲಕ್ಕಿ ಗಿಡದ ಹತ್ರಾನೇ" ಎನ್ನುತ್ತಿದ್ದಳು. ಲಕ್ಕಿ ಗಿಡವೂ ಇರಲಿಲ್ಲ.

ತಿಯೆಪ್ವಾಲ್‌ನ ಕಂಬಗಳ ಫೋಟೋ ನೋಡಿದಾಗ ನನಗೆ ಮೊದಲು ಬಂದದ್ದು ಮೈತ್ರಿಯಲ್ಲ, ಹೊಟ್ಟೆಕಿಚ್ಚು. ಪರದೇಶದ ಮಣ್ಣಲ್ಲಿ ಕಾಣೆಯಾದವನಿಗೂ ಕಲ್ಲಿನ ಮೇಲೆ ಹೆಸರಿದೆ, ಹುಟ್ಟಿದೂರಿನಲ್ಲೇ ಕಾಣೆಯಾದ ನನ್ನಪ್ಪನಿಗಿಲ್ಲ. ಆ ಹೊಟ್ಟೆಕಿಚ್ಚನ್ನೂ ಸತಿಯಿಂದ ನೋಡಿದೆ. ಅದರ ಕೆಳಗಿದ್ದದ್ದು ದುಃಖ. ದುಃಖಕ್ಕೆ ಕಾರಣ ಹಳ್ಳವಲ್ಲ. ಹಳ್ಳ ತನ್ನ ಪಾಡಿಗೆ ಹರಿಯಿತು. ಕಾರಣ, ಇವರಿಗೆ ಜಾಗವಿಲ್ಲ ಎಂದು ಮನುಷ್ಯರು ತೆಗೆದುಕೊಂಡ ತೀರ್ಮಾನ. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬದಲಾಯಿಸಬಹುದು. ದುಃಖಕ್ಕೆ ಕಾರಣವಿದೆ, ಕಾರಣ ಅಳಿದರೆ ದುಃಖ ಅಳಿಯುತ್ತದೆ ಎಂಬ ಬುದ್ಧರ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ.

ಇನ್ನೊಂದು ಎಚ್ಚರಿಕೆ. ಆ ಬಿಳಿ ಕಲ್ಲುಗಳ ಸಮಾನತೆ ಸತ್ತ ಮೇಲೆ ಸಿಕ್ಕಿದ್ದು. ಆ ಹುಡುಗರಿಗೆ ಅದರಿಂದ ಏನೂ ಆಗಲಿಲ್ಲ. ಧಮ್ಮ ಕೇಳುವುದು ಬದುಕಿದ್ದಾಗಿನ ಸಮಾನತೆಯನ್ನು: ಶಾಲೆಯ ಬೆಂಚಿನಲ್ಲಿ, ಬಾವಿಯ ಕಟ್ಟೆಯಲ್ಲಿ, ಊಟದ ಪಂಕ್ತಿಯಲ್ಲಿ. ನಮ್ಮ ಮನೆಯೊಳಗೂ ಕೇಳುತ್ತದೆ. ಗಂಡ ಉಂಡ ಮೇಲೆ ಹೆಂಡತಿ ಉಣ್ಣುವ ಮನೆಯಲ್ಲಿ ಬುದ್ಧನ ಫೋಟೋ ಇದ್ದರೆ ಸಾಲದು.

*ಈ ವಾರದ ಅಭ್ಯಾಸ*

1. ದಿನಾ ಇಪ್ಪತ್ತು ನಿಮಿಷ ಮೆಲ್ಲಗೆ ನಡೆಯಿರಿ. ಕೆರೆ, ಕಾಲುವೆ, ಹಳ್ಳ ಯಾವುದಾದರೂ ಸರಿ. ಫೋನ್ ಮನೆಯಲ್ಲಿರಲಿ. ಪಾದ ನೆಲ ಮುಟ್ಟುವುದನ್ನು ಮಾತ್ರ ಗಮನಿಸಿ.

2. ನಿಮ್ಮವರನ್ನು ಮಣ್ಣು ಮಾಡಿದ ಅಥವಾ ಸುಟ್ಟ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಭಯ ಬಂದರೆ ಭಯ, ಸಿಟ್ಟು ಬಂದರೆ ಸಿಟ್ಟು. ಬಂದದ್ದನ್ನು ನೋಡಿ, ಹೋಗಲು ಬಿಡಿ.

3. ಮನೆಯ ಹಿರಿಯರನ್ನು ಕೇಳಿ, ನಿಮ್ಮ ಕೇರಿಯಲ್ಲಿ ತೀರಿಕೊಂಡವರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೆಂಗಸರ ಹೆಸರೂ ಇರಲಿ. "ಇಂಥವನ ಹೆಂಡತಿ" ಎಂದು ಬರೆಯಬೇಡಿ, ಅವಳ ಹೆಸರನ್ನೇ ಕೇಳಿ ಬರೆಯಿರಿ. ಮುಂದಿನ ಹುಣ್ಣಿಮೆಯ ವಂದನೆಯಲ್ಲಿ ಒಂದೊಂದಾಗಿ ಓದೋಣ.

4. ನಿಮ್ಮೂರಿನಲ್ಲಿ ಎಲ್ಲರಿಗೂ ಸೇರಿದ ಸ್ಮಶಾನವಿದೆಯೇ? ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ಅರ್ಜಿ ಬರೆದು ಕೊಡಿ. ಬರೆಯಲು ಬಾರದಿದ್ದರೆ ನಾನು ಬರೆದುಕೊಡುತ್ತೇನೆ.

ನನ್ನ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಅಪ್ಪನ ಹೆಸರು ಬರೆದಿದ್ದೇನೆ. ಎರಡನೆಯ ಸಾಲಿಗೆ ಅಮ್ಮನನ್ನು ಕೇಳಿದಾಗ ಒಂದು ಗಂಟೆ ಹೇಳುತ್ತಲೇ ಇದ್ದಳು. ನಾಲ್ಕು ಪುಟ ತುಂಬಿದೆ.

ನಿಮ್ಮ ಪುಟಗಳನ್ನೂ ತನ್ನಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ನಮೋ ಬುದ್ಧಾಯ. ಜೈ ಭೀಮ್.